ಪಿಲ್‌ಸುನಕ್ಕನ ನಲವತ್ತು ನಿಮಿಷ

ನಮ್ಮ ನಮ್ಯಾಂಗ್‌ಜುವಿನಲ್ಲಿ ಯಾರನ್ನೇ ನಿಲ್ಲಿಸಿ ಕೇಳಿ, ಸಿಯೋಲಿಗೆ ನಲವತ್ತು ನಿಮಿಷ ಎನ್ನುತ್ತಾರೆ. ಮೀನಿನಂಗಡಿಯವನೂ ಅದನ್ನೇ ಹೇಳುತ್ತಾನೆ, ಚರ್ಚಿನ ಪಾದ್ರಿಯೂ ಅದನ್ನೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಇದನ್ನು ಸುಳ್ಳು ಎಂದವರ ಮೇಲೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸುಳ್ಳಲ್ಲ, ಅದು ನಮ್ಮದೇ ಒಂದು ಲೆಕ್ಕ. ಮನೆಯಿಂದ ಸ್ಟಾಪಿಗೆ ನಡೆಯುವುದನ್ನು ನಾವು ಹಿಡಿಯುವುದಿಲ್ಲ. ಬಸ್ಸಿಗೆ ಕಾಯುವುದನ್ನೂ ಹಿಡಿಯುವುದಿಲ್ಲ, ಕಾಯುವಾಗ ನಾವಿನ್ನೂ ಹೊರಟೇ ಇಲ್ಲವಲ್ಲ! ಬಸ್ಸಿನ ಬಾಗಿಲು ಮುಚ್ಚಿದಾಗ ಶುರು, ನದಿ ದಾಟಿ ಸಿಯೋಲಿನ ಮೊದಲನೇ ಸಿಗ್ನಲ್ ಕಂಡಾಗ ಮುಗಿಯಿತು. ಅಲ್ಲಿಂದಾಚೆಗೆ ಮೆಟ್ರೊದಲ್ಲಿ ಇನ್ನೊಂದು ಗಂಟೆ ಕೂತರೆ ಅದು ಸಿಯೋಲಿನೊಳಗಿನ ಓಡಾಟ, ಸಿಯೋಲಿನವರ ತಲೆನೋವು. ಆ ನಲವತ್ತು ನಿಮಿಷವಾದರೂ ಹಬ್ಬದ ಬೆಳಗಿನದು. ಸಿಯೋಲಿನ ಜನರೆಲ್ಲ ಹುಟ್ಟೂರಿಗೆ ಹೋಗಿ ರಸ್ತೆ ಬಿಕೋ ಎನ್ನುತ್ತಿರುವಾಗ ಯಾರೋ ಒಬ್ಬರು ಒಂದು ಸಲ ಅಷ್ಟರಲ್ಲಿ ಹೋಗಿ ಮುಟ್ಟಿದ್ದರು. ಅಂದಿನಿಂದ ಅದೇ ನಮ್ಮೂರಿನ ದೂರ.

ಈ ಲೆಕ್ಕವನ್ನು ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಪಿಲ್‌ಸುನಕ್ಕ. ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಏಳು ಅಂಗಡಿಗಳ ಸಾಲಿದೆ. ಅದರಲ್ಲಿ ನಾಲ್ಕನೆಯದು ನನ್ನ ಪಾರ್ಲರು, ಐದನೆಯದು ಅವಳ ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಾಯಿಸುವುದು, ದಪ್ಪಗಾದವರ ಸೊಂಟ ಬಿಡಿಸುವುದು, ಇಷ್ಟೇ. ಕುಳ್ಳಗಿನ, ದುಂಡನೆಯ ಹೆಂಗಸು, ಕುತ್ತಿಗೆಯಲ್ಲಿ ಯಾವಾಗಲೂ ಅಳತೆ ಟೇಪು. ನಮ್ಮಿಬ್ಬರ ಅಂಗಡಿಗೂ ಹಿಂದೆ ಒಂದೇ ಜಗಲಿ. ದಿನಾ ಮೂರು ಗಂಟೆಗೆ ಅವಳು ಬಾರ್ಲಿ ಟೀ ತರುತ್ತಿದ್ದಳು, ನಾನು ಸುಟ್ಟ ಸಿಹಿಗೆಣಸು ತರುತ್ತಿದ್ದೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅವಳಿಗೆ ನಾನು ನನ್ನ ಮಗಳ ಹೆಸರಿನಿಂದ ಯೂಬಿನ್ ಅಮ್ಮ.

ಅವಳು ಹುಟ್ಟಿದ್ದು, ಓದಿದ್ದು ಎಲ್ಲ ಸಿಯೋಲಿನ ಮಾಪೊದಲ್ಲಿ. ಗಂಡನ ಕೆಲಸ ಈ ಕಡೆಗೆ ಬಂತು, ಒಂದು ಕೋಣೆ ಹೆಚ್ಚಿರುವ ಮನೆ ಸಿಕ್ಕಿತು, ಬಂದುಬಿಟ್ಟರು. ಬಂದು ಇಪ್ಪತ್ತೆರಡು ವರ್ಷವಾದರೂ ಅವಳ ಐವರು ಗೆಳತಿಯರು ಮಾಪೊದಲ್ಲೇ ಇದ್ದಾರೆ. ಆರು ಜನರೂ ಒಂದೇ ಶಾಲೆ, ಒಂದೇ ಬೆಂಚು. ತಿಂಗಳ ಮೂರನೇ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಅವರ ಊಟ. ಎಲ್ಲರಿಗೂ ನಡುವೆ ಆಗುವ ಜಾಗದಲ್ಲಿ ಸೇರೋಣ ಎಂದು ಮೊದಲನೇ ದಿನವೇ ಮಾತಾಗಿತ್ತಂತೆ. ಆರರಲ್ಲಿ ಐದು ಮನೆ ಮಾಪೊದಲ್ಲಿದ್ದ ಮೇಲೆ ನಡು ಎಲ್ಲಿಗೆ ಬರುತ್ತದೆ? ಆ ಐವರ ಮುಖ್ಯಸ್ಥೆ ಹೆಂಗ್‌ಜಾ ಎನ್ನುವವಳ ಮನೆಯ ಕೆಳಗಿನ ಗಲ್ಲಿಯಲ್ಲಿರುವ ನೂಡಲ್ಸ್ ಹೋಟೆಲಿಗೆ ಬಂತು. ನಾನು ಇದನ್ನು ಆಡಿ ತೋರಿಸಿದರೆ ಪಿಲ್‌ಸುನಕ್ಕ ನಗುತ್ತಿದ್ದಳು.

"ಎಲ್ಲಿದ್ರೇನೇ, ನಲವತ್ತು ನಿಮಿಷ ತಾನೇ?"

ಆ ನಲವತ್ತು ನಿಮಿಷಕ್ಕೆ ಅವಳು ಬೆಳಿಗ್ಗೆ ಒಂಬತ್ತೂವರೆಗೆ ಷಟರ್ ಎಳೆಯುತ್ತಿದ್ದಳು. ನಮ್ಮ ಸ್ಟಾಪಿಗೆ ಬರುವ ಕೆಂಪು ಬಸ್ಸಿನ ಎದೆಯ ಮೇಲೆ ಎಷ್ಟು ಸೀಟು ಖಾಲಿ ಎಂದು ದೀಪದಲ್ಲಿ ತೋರಿಸುತ್ತದೆ. ಬೆಳಗಿನ ಹೊತ್ತು ಅದು ಸೊನ್ನೆ. ಜನರನ್ನು ಒಳಗೆ ನಿಲ್ಲಿಸಿಕೊಂಡು ಹೋಗುವ ಹಾಗಿಲ್ಲವಾದ್ದರಿಂದ ಡ್ರೈವರ್ ನಮ್ಮ ಕಡೆ ನೋಡುವುದೂ ಇಲ್ಲ. ಅದಕ್ಕೆ ನಾವು ಏನು ಮಾಡುತ್ತೇವೆಂದರೆ ಎದುರುಗಡೆಯ ರಸ್ತೆಯಲ್ಲಿ ಊರ ಬಸ್ಸು ಹತ್ತಿ ಮೂರು ಸ್ಟಾಪು ಹಿಂದಕ್ಕೆ ಹೋಗುತ್ತೇವೆ, ಬಸ್ಸು ಹುಟ್ಟುವ ಕಡೆಗೆ. ಅಲ್ಲಿ ಸೀಟು ಹಿಡಿದು ಮತ್ತೆ ನಮ್ಮ ಮನೆಯ ಮುಂದೆಯೇ ಹಾದು ಸಿಯೋಲಿಗೆ ಹೋಗುತ್ತೇವೆ. ಹೋಗುವಾಗ ಸ್ಟಾಪಿನಲ್ಲಿ ನಿಂತಿರುವ ಪರಿಚಯದವರನ್ನು ಕಂಡರೂ ಕಾಣದ ಹಾಗೆ ಮುಖ ತಿರುಗಿಸುವುದು ಇಲ್ಲಿನ ಮರ್ಯಾದೆ.

ಹೀಗೆ ಹೋಗಿ, ಜಾಮ್ಸಿಲ್‌ನಲ್ಲಿ ಇಳಿದು, ಎರಡು ಮೆಟ್ರೊ ಬದಲಾಯಿಸಿ, ಹನ್ನೊಂದೂ ಇಪ್ಪತ್ತಕ್ಕೋ ಹನ್ನೊಂದೂವರೆಗೋ ಅವಳು ಮಾಪೊ ಮುಟ್ಟುತ್ತಿದ್ದಳು. ತಡವಾಗಬಾರದೆಂಬ ಭಯಕ್ಕೆ ಯಾವಾಗಲೂ ಬೇಗ. ಆದರೆ ನೇರ ಹೋಟೆಲಿಗೆ ಹೋಗುತ್ತಿರಲಿಲ್ಲ. ಮೊದಮೊದಲು ಹೋಗಿ ಕೂತಿದ್ದಳಂತೆ. ಆಗ ಹೆಂಗ್‌ಜಾ, "ಅಯ್ಯೋ, ಇಷ್ಟು ಬೇಗ ಬಂದಿದ್ದೀಯ, ಎಷ್ಟೊತ್ತಿಗೆ ಹೊರಟೆ?" ಎಂದು ಕೇಳಿದಳಂತೆ. ಆ ಪ್ರಶ್ನೆ ಬೇಡವಾಯಿತು. ಅಂದಿನಿಂದ ಪಕ್ಕದ ಮಾರ್ಕೆಟಿನಲ್ಲಿ ಸೊಪ್ಪು ನೋಡುತ್ತಾ, ಬ್ಯಾಂಕಿನ ಬೆಂಚಿನ ಮೇಲೆ ಕೂರುತ್ತಾ ಹೊತ್ತು ಕಳೆದು, ಹನ್ನೆರಡೂ ಹತ್ತಕ್ಕೆ ಸರಿಯಾಗಿ ಏದುಸಿರು ಬಿಡುತ್ತಾ ಒಳಗೆ ಹೋಗುವುದು. "ಸ್ವಲ್ಪ ಲೇಟಾಯ್ತು ಕಣ್ರೇ, ಮನೇಲಿ ಹೊರಡೋದೇ ತಡ ಆಯ್ತು." ಹತ್ತಿರದವರು ತಾನೇ ತಡ ಮಾಡುವುದು? ಅವಳೂ ಹತ್ತಿರದವಳಾಗುತ್ತಿದ್ದಳು. ಇದು ನನಗೊಬ್ಬಳಿಗೆ ಗೊತ್ತಿದ್ದ ವಿಷಯ. ಒಂದು ದಿನ ಕೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತಾ ಕಣ್ಣು ಮುಚ್ಚಿಕೊಂಡು ಹೇಳಿದ್ದಳು. ಕೇಳಿ ಬೈದೆ, ನನ್ನ ಬಾಯಿಗೆ ಬೇರೆ ಏನೂ ಬರುವುದಿಲ್ಲ.

"ನಿಂಗೆ ತಲೆ ಸರಿ ಇಲ್ಲ ಅಕ್ಕ. ಎರಡು ಗಂಟೆ ಆಗುತ್ತೆ ಅಂತ ಹೇಳಿದ್ರೆ ಅವರೇನು ನಿನ್ನನ್ನ ತಿಂದುಬಿಡ್ತಾರಾ?"

"ತಿನ್ನಲ್ಲ. ಕರೆಯೋದು ಬಿಡ್ತಾರೆ."

"ಯಾಕೆ ಬಿಡ್ತಾರೆ?"

"ಪಾಪ ಅಂತ ಬಿಡ್ತಾರೆ ಕಣೇ ಯೂಬಿನ್ ಅಮ್ಮ. ನೀನು ಬಣ್ಣ ಹಚ್ಚು, ಕಿವಿ ಹತ್ರ ಬಿಟ್ಟಿದ್ದೀಯ."

ಹೋದ ನವೆಂಬರಿನಲ್ಲಿ ಅವಳ ತಲೆಗೆ ಒಂದು ಆಸೆ ಹೊಕ್ಕಿತು. ಆ ವರ್ಷ ಅವಳ ಗಂಡ ಗುಡ್ಡದ ಕೆಳಗಿನ ಬಾಡಿಗೆ ತುಂಡು ನೆಲದಲ್ಲಿ ಹಾಕಿದ್ದ ಎಲೆಕೋಸು ಒಂದೊಂದೂ ಮಗುವಿನಷ್ಟು ತೂಕ ಬಂದಿತ್ತು. ಚಳಿಗಾಲಕ್ಕೆ ಕೋಸಿನ ಖಾರದ ಉಪ್ಪಿನಕಾಯಿ, ನಮ್ಮ ಕಿಮ್ಚಿ, ಹಾಕುವ ದಿನ ಐವರನ್ನೂ ಮನೆಗೆ ಕರೆದು, ಹಸಿ ಕಿಮ್ಚಿಯ ಜೊತೆ ಬೇಯಿಸಿದ ಹಂದಿಮಾಂಸದ ಊಟ ಹಾಕಬೇಕು, ಹೋಗುವಾಗ ಒಂದೊಂದು ಡಬ್ಬಿ ಕೊಟ್ಟು ಕಳಿಸಬೇಕು ಎಂದು. ಇಪ್ಪತ್ತೆರಡು ವರ್ಷದಲ್ಲಿ ಅವರಲ್ಲಿ ಒಬ್ಬರೂ ಇತ್ತ ಕಾಲಿಟ್ಟಿರಲಿಲ್ಲ.

"ಬರಲ್ಲ ಬಿಡು," ಎಂದ ಗಂಡ. "ಸಿಯೋಲಿನವರಿಗೆ ನದಿ ದಾಟಿದ್ರೆ ವಿದೇಶ."

"ಬರ್ತೀವಿ ಅಂದಿದ್ದಾರೆ," ಎಂದಳು ಪಿಲ್‌ಸುನಕ್ಕ. "ಹೆಂಗ್‌ಜಾನೇ ಹೇಳಿದ್ಳು, ನಲವತ್ತು ನಿಮಿಷ ತಾನೇ, ಬಂದ್ರಾಯ್ತು ಅಂತ."

ಆ ಲೆಕ್ಕವನ್ನೇ ನಂಬಿ ಅವರು ಹೊರಡುತ್ತಾರೆ ಎಂದು ನನಗೆ ಆಗಲೇ ಅನ್ನಿಸಿತ್ತು. ಅವಳಿಗೂ ಎನ್ನಿಸಿರಬೇಕು, ಆದರೆ ಸಂತೋಷದಲ್ಲಿದ್ದಳು. ಹನ್ನೆರಡಕ್ಕೆ ಊಟ ಎಂದು ಹೇಳಿದ್ದಳು. ಬೇಗ ಹೊರಡಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಆ ಶನಿವಾರ ನಾನು ಮೂರು ತಲೆಗಳನ್ನು ಭಾನುವಾರಕ್ಕೆ ತಳ್ಳಿ ಅವಳ ಮನೆಗೆ ಹೋದೆ. ಹಿಂದಿನ ದಿನ ಉಪ್ಪಿನಲ್ಲಿಟ್ಟ ಕೋಸಿನ ಎಲೆಎಲೆಗೂ ಖಾರದ ಮಸಾಲೆ ಸವರಿ ಸವರಿ ನಮ್ಮ ಕೈ ಮೊಣಕೈತನಕ ಕೆಂಪಾಗಿತ್ತು. ಹನ್ನೆರಡಕ್ಕೆ ಮಾಂಸ ಹದವಾಗಿ ಬೆಂದಿತ್ತು. ಹನ್ನೆರಡೂವರೆಗೆ ಫೋನು ಬಂತು. ಅವರು ಹನ್ನೊಂದೂ ಕಾಲಿಗೆ ಮನೆ ಬಿಟ್ಟಿದ್ದರು! ನಲವತ್ತು ನಿಮಿಷದ ದಾರಿಗೆ ಐದು ನಿಮಿಷ ಹೆಚ್ಚಿಗೆ ಇಟ್ಟುಕೊಂಡು. ಇನ್ನೂ ಜಾಮ್ಸಿಲ್‌ನಲ್ಲೇ ಬಸ್ಸಿನ ಸಾಲಿನಲ್ಲಿ ನಿಂತಿದ್ದರು. ಶನಿವಾರ ಅರ್ಧ ಸಿಯೋಲು ಬೆಟ್ಟ ನೋಡಲು ನಮ್ಮ ರಸ್ತೆಯಲ್ಲೇ ಬರುತ್ತದೆ. ಒಂದೂವರೆಗೆ ಮತ್ತೆ ಫೋನು: "ಪಿಲ್‌ಸುನ್, ಬೆಟ್ಟ ಕಾಣ್ತಿದೆ, ಬಸ್ಸು ಅಲ್ಲಾಡ್ತಿಲ್ಲ, ಚುನ್‌ಮಿಗೆ ಅರ್ಜೆಂಟು!" ಪಿಲ್‌ಸುನಕ್ಕ ಮಾಂಸವನ್ನು ಮೂರು ಸಲ ಬಿಸಿ ಮಾಡಿದಳು. ಮೂರನೇ ಸಲಕ್ಕೆ ಅದು ಚಪ್ಪಲಿಯ ಹಾಗಾಯಿತು.

ಎರಡೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಚುನ್‌ಮಿ ಎಂಬ ತೆಳ್ಳನೆಯ ಹೆಂಗಸು ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ನಮ್ಮನ್ನು ತಳ್ಳಿಕೊಂಡು ನೇರ ಬಚ್ಚಲಿಗೆ ಓಡಿದಳು. ಹಿಂದೆಯೇ ಹೆಂಗ್‌ಜಾ. ಎತ್ತರದ ಆಳು, ಗಂಟಲು ಅದಕ್ಕಿಂತ ದೊಡ್ಡದು.

"ಲೇ ಪಿಲ್‌ಸುನ್! ಇದು ನಲವತ್ತು ನಿಮಿಷನಾ? ಇನ್ನೊಂಚೂರು ಮುಂದೆ ಹೋಗಿದ್ರೆ ಉತ್ತರ ಕೊರಿಯಾದೋರು ಕೈ ಬೀಸ್ತಿದ್ರು ನಮಗೆ!"

ಎಲ್ಲರೂ ನಕ್ಕರು. ಅಲ್ಲಿಗೇ ಬಿಟ್ಟಿದ್ದರೆ ಸರಿ ಹೋಗುತ್ತಿತ್ತು. ಆದರೆ ಹೆಂಗ್‌ಜಾ ಬಿಡುವ ಪೈಕಿಯಲ್ಲ. ಕೋಟು ಬಿಚ್ಚುತ್ತಾ ಒಂದು ಮಾತು, ಕೂರುತ್ತಾ ಒಂದು ಮಾತು. ಸೊಂಟ ಬಿದ್ದುಹೋಯ್ತು, ಈ ಕಾಡಿಗೆ ಮನುಷ್ಯರು ಬರ್ತಾರಾ, ನೀನಾದ್ರೂ ಸರಿಯಾಗಿ ಹೇಳೋದಲ್ವಾ. ಪಿಲ್‌ಸುನಕ್ಕ ತಪ್ಪು ಮಾಡಿದ ಮಗುವಿನಂತೆ ತಲೆ ತಗ್ಗಿಸಿ, "ಇವತ್ತು ಟ್ರಾಫಿಕ್ಕು ಕಣ್ರೇ, ಇಲ್ಲದಿದ್ರೆ ನಲವತ್ತೇ," ಎನ್ನುತ್ತಾ ತಟ್ಟೆ ಜೋಡಿಸುತ್ತಿದ್ದಳು. ಬೆಳಗಿನಿಂದ ಅವಳ ಬೆನ್ನು ಬಗ್ಗಿದ್ದನ್ನು ನೋಡಿದ್ದ ನನಗೆ ತಲೆ ಕೆಟ್ಟುಹೋಯಿತು.

"ನೀವು ಒಂದು ದಿನ ಬಂದದ್ದಕ್ಕೆ ಇಷ್ಟು ಗೋಳಾ?" ಎಂದುಬಿಟ್ಟೆ. "ಅಕ್ಕ ಪ್ರತಿ ತಿಂಗಳೂ ಒಂಬತ್ತೂವರೆಗೆ ಅಂಗಡಿ ಮುಚ್ಚಿ ಹೊರಡ್ತಾಳೆ ನಿಮ್ಮ ಹನ್ನೆರಡರ ಊಟಕ್ಕೆ. ಬೇಗ ಬಂದದ್ದು ನಿಮಗೆ ಗೊತ್ತಾಗಬಾರದು ಅಂತ ಮಾರ್ಕೆಟ್ಟಲ್ಲಿ ಸುತ್ತುತ್ತಾಳೆ. ಒಂದು ದಿನಾದ್ರೂ ನಿಮ್ಮ ಹತ್ರ ಸೊಂಟ ಅಂದಿದ್ದಾಳಾ?"

ನಾನು ನಾಲಗೆ ಕಚ್ಚಿಕೊಂಡೆ, ಆದರೆ ಆಡಿದ್ದು ಆಡಿಯಾಗಿತ್ತು. ಹೆಂಗ್‌ಜಾಳ ಕಣ್ಣು ತುಂಬಿತು. "ಯಾಕೆ ಹೇಳ್ಲಿಲ್ಲ ಪಿಲ್‌ಸುನ್? ಇಪ್ಪತ್ತೆರಡು ವರ್ಷ..." ಎಂದು ಅವಳ ಕೈ ಹಿಡಿದಳು. ಪಿಲ್‌ಸುನಕ್ಕ ಮಾಂಸದ ತುಂಡನ್ನು ಕಿಮ್ಚಿಯಲ್ಲಿ ಸುತ್ತಿ ಅವಳ ಬಾಯಿಗೆ ತುರುಕಿ, "ತಿನ್ನೇ, ಆರೋಗುತ್ತೆ," ಎಂದಳು. ನನ್ನ ಕಡೆ ಮಾತ್ರ ಸಂಜೆಯವರೆಗೂ ನೋಡಲಿಲ್ಲ.

ಡಿಸೆಂಬರಿನಲ್ಲಿ ಹೆಂಗ್‌ಜಾ ಫೋನು ಮಾಡಿದಳು. "ಚಳಿ ಜಾಸ್ತಿ, ಈ ಸಲ ನೀನು ಬರಬೇಡ, ಪಾಪ." ಜನವರಿಯಲ್ಲಿ ಹಿಮ ಬಿದ್ದಿತ್ತು: "ಆ ದಾರೀಲಿ ನೀನು ಜಾರಿ ಬಿದ್ರೆ ನಮಗೆ ನಿದ್ದೆ ಬರುತ್ತಾ? ಮನೇಲೇ ಆರಾಮಾಗಿರು." ಒಂದು ಪಾರ್ಸೆಲ್ಲು ಕಳಿಸಿದರು, ಒಣ ಸಮುದ್ರಪಾಚಿ, ಮಂಡಿಗೆ ಕಟ್ಟುವ ಬಿಸಿಪಟ್ಟಿ. ಫೆಬ್ರವರಿಯಲ್ಲಿ ಫೋನೂ ಇಲ್ಲ, ಒಂದು ಫೋಟೊ ಮಾತ್ರ. ಐದು ಮುಖಗಳು, ಆವಿಯಾಡುವ ಪಾತ್ರೆ, ಕೆಳಗೆ "ನಿನ್ನ ನೆನಪಾಯ್ತು."

ಅವರು ಕೆಟ್ಟವರಲ್ಲ. ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ನಾಲ್ಕು ಮಾತು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಪಿಲ್‌ಸುನಕ್ಕ ಆ ಮೂರು ತಿಂಗಳೂ ಮೂರು ಗಂಟೆಗೆ ಜಗಲಿಗೆ ಬರಲಿಲ್ಲ. ಗೋಡೆಯಾಚೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ನಾನು ಗೆಣಸು ಹಿಡಿದು ಕೂತಿರುತ್ತಿದ್ದೆ. ಒಂದು ದಿನ ತಡೆಯಲಾರದೆ ಅವಳ ಅಂಗಡಿಗೇ ಹೋಗಿ ನಿಂತೆ.

"ಬೈಯಿ ಅಕ್ಕ. ಹೊಡಿ. ಹೀಗೆ ಸುಮ್ನಿರಬೇಡ."

ಯಂತ್ರ ನಿಲ್ಲಿಸದೆ ಹೇಳಿದಳು, "ಕರೆಯೋದು ಬಿಡ್ತಾರೆ ಅಂತ ನಿಂಗೆ ನಾನು ಆವತ್ತೇ ಹೇಳಿದ್ದೆ ಅಲ್ವಾ?"

"ಹೇಳಿದ್ದೆ."

"ಮತ್ತೆ ಯಾಕೆ ಹೇಳ್ದೆ ಅವರಿಗೆ?"

ಅವಳ ಪರವಾಗಿ ಮಾತಾಡಿದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಇಳಿಸಿಕೊಂಡಿದ್ದೆ.

"ಮಾರ್ಚಿನ ಮಂಗಳವಾರ ನಾವಿಬ್ರೂ ಹೋಗೋಣ," ಎಂದೆ. "ಮಂಗಳವಾರ ನನ್ನ ಪಾರ್ಲರಿಗೆ ರಜೆ. ಕರೆದ್ರೂ ಸರಿ, ಕರೀದಿದ್ರೂ ಸರಿ."

"ಕರೀದೆ ಹೋಗೋಕೆ ನಾನೇನು ಭಿಕ್ಷುಕಿನಾ?" ಎಂದು ಸರ್ರನೆ ದಾರ ಕತ್ತರಿಸಿದಳು. ಆದರೆ ಸೋಮವಾರ ಸಂಜೆ ತಾನೇ ಬಂದು ನನ್ನ ಕುರ್ಚಿಯಲ್ಲಿ ಕೂತು, "ಬುಡಕ್ಕೆ ಬಣ್ಣ ಹಾಕು. ಬೆಳ್ಳಗೆ ಕಾಣ್ತಿದೆ," ಎಂದಳು.

ಮರುದಿನ ಹಿಂದಕ್ಕೆ ಮೂರು ಸ್ಟಾಪು ಹೋಗಿ ಸೀಟು ಹಿಡಿದೆವು. ನಾನು ಅವಳ ಜೊತೆ ಆ ದಾರಿಯಲ್ಲಿ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಾ ಒಂದೊಂದನ್ನೇ ಗುರುತು ಹಿಡಿದು ಹೇಳುತ್ತಿದ್ದಳು, ಈ ಮೊಬೈಲ್ ಅಂಗಡಿ ಮೊದಲು ಬೇಕರಿಯಾಗಿತ್ತು, ಈ ಮರ ಸೊರಗಿದೆ, ಈ ಸಿಗ್ನಲ್ಲು ಬಲು ಮೊಂಡು. ಎರಡು ಗಂಟೆ ಅವಳಿಗೆ ಬೇಜಾರೆಂಬುದೇ ಇರಲಿಲ್ಲ. ಬೇಜಾರಾದದ್ದು ನನಗೆ, ಜಾಮ್ಸಿಲ್ ಬರುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು.

ಮಾಪೊ ಮುಟ್ಟಿದಾಗ ಹನ್ನೊಂದೂವರೆ. ಅವಳು ಅಭ್ಯಾಸದಂತೆ ಮಾರ್ಕೆಟಿನ ಕಡೆ ತಿರುಗಿದಳು. ನಾನು ತೋಳು ಹಿಡಿದು ಎಳೆದೆ, "ಇವತ್ತು ಸೊಪ್ಪು ಗಿಪ್ಪು ಬೇಡ." ಬ್ಯಾಂಕಿನ ಬೆಂಚಿನ ಮೇಲೆ ಕೂತೆವು. ಹನ್ನೆರಡೂ ಹತ್ತಕ್ಕೆ ಅವಳು ಎದ್ದು, ಕೋಟಿನ ಗುಂಡಿ ಸರಿಮಾಡಿಕೊಂಡು ಹೋಟೆಲಿನ ಬಾಗಿಲು ತಳ್ಳಿದಳು. ಅವರು ಕೂರುತ್ತಿದ್ದ ಮೂಲೆಯ ಮೇಜಿನಲ್ಲಿ ಟೈ ಕಟ್ಟಿದ ನಾಲ್ಕು ಗಂಡಸರು ಉಣ್ಣುತ್ತಿದ್ದರು.

"ಅಯ್ಯೋ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ!" ಎಂದು ಹೋಟೆಲಿನಾಕೆ ಓಡಿ ಬಂದಳು. "ಅವರೆಲ್ಲ ಇಲ್ಲಿಗೆ ಬರ್ತಿಲ್ಲ ಈಗ. ಐದೇ ಜನ ತಾನೇ, ಹೆಂಗ್‌ಜಾ ಅವರ ಮನೇಲೇ ಮಾಡ್ಕೊಂಡು ತಿಂತಾರೆ. ನೀವು ಅಲ್ಲಿಗೆ ಹೋಗ್ತಿಲ್ವಾ?"

ಪಿಲ್‌ಸುನಕ್ಕ "ಹೌದು ಹೌದು, ಮರೆತೇಹೋಗಿತ್ತು," ಎಂದು ನಗುತ್ತಾ ಹೊರಗೆ ಬಂದಳು. ಬಾಗಿಲು ಮುಚ್ಚಿದ ಮೇಲೆ ಗೋಡೆ ಹಿಡಿದು ನಿಂತಳು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಹಾಡಿತು, ಹೆಂಗ್‌ಜಾ. ಆ ಗಂಟಲು ನನಗೂ ಕೇಳುತ್ತಿತ್ತು.

"ಪಿಲ್‌ಸುನ್, ಏನ್ಮಾಡ್ತಿದ್ದೀಯ? ಎಲ್ಲ ಸೇರಿದ್ದೀವಿ, ನಿನ್ನ ಮಾತೇ ಆಡ್ತಿದ್ವಿ. ಊಟ ಆಯ್ತಾ?"

"ಹ್ಞೂಂ, ಆಯ್ತು ಕಣೇ."

"ಮನೇಲಿದ್ದೀಯಾ?"

ಹೆಂಗ್‌ಜಾಳ ಮನೆ ಅಲ್ಲಿಂದ ಕಾಣುತ್ತಿತ್ತು. ಗಲ್ಲಿಯ ತುದಿಯಲ್ಲಿ, ಮೂರನೇ ಮಹಡಿ, ಕಿಟಕಿಯಲ್ಲಿ ಹಸಿರು ಕುಂಡ. ಪಿಲ್‌ಸುನಕ್ಕ ಅದನ್ನೇ ನೋಡುತ್ತಾ ಹೇಳಿದಳು, "ಮನೇಲೇ ಇದ್ದೀನಿ. ಇನ್ನೆಲ್ಲಿರ್ತೀನಿ?"

ಈ ಸಲ ಸುಮ್ಮನಿರಬೇಕೆಂದು ನಾನು ಬಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದೆ. ಆಣೆ ಸುಟ್ಟುಹೋಯಿತು. ಫೋನು ಕಿತ್ತುಕೊಂಡೆ.

"ಮನೇಲಿಲ್ಲ! ನಿಮ್ಮ ಮನೆ ಕೆಳಗೆ, ಹೋಟೆಲ್ ಮುಂದೆ ಗೋಡೆ ಹಿಡ್ಕೊಂಡು ನಿಂತಿದ್ದಾಳೆ. ಕಿಟಕೀಲಿ ಬಗ್ಗಿ ನೋಡಿ!"

ಮೂರನೇ ಮಹಡಿಯ ಕಿಟಕಿ ತೆರೆಯಿತು, ಮುಚ್ಚಿತು. ಪಿಲ್‌ಸುನಕ್ಕ ಮೆಟ್ರೊದ ಕಡೆ ಹೊರಟೇಬಿಟ್ಟಳು. ನಾನು ಕೋಟು ಹಿಡಿದು ಜಗ್ಗುತ್ತಿರುವಾಗಲೇ ಹೆಂಗ್‌ಜಾ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದಳು. ಮೈಮೇಲೆ ಅಡಿಗೆಯ ಏಪ್ರನ್ನು, ಕೈಯಲ್ಲಿ ಸೌಟು. ಹಿಂದೆ ಚುನ್‌ಮಿ, ಅವಳ ಹಿಂದೆ ಉಳಿದ ಮೂವರು, ಒಬ್ಬಳಿಗೆ ಕೋಟಿಲ್ಲ, ಇನ್ನೊಬ್ಬಳು ಬಾಯಲ್ಲಿರುವುದನ್ನು ಇನ್ನೂ ನುಂಗಿಲ್ಲ.

"ಹುಚ್ಚೀ! ಅಷ್ಟು ದೂರದಿಂದ ಬಂದು ಮನೇಲಿದ್ದೀನಿ ಅಂತೀಯಲ್ಲೇ?" ಹೆಂಗ್‌ಜಾ ಅಳುತ್ತಲೇ ಕೂಗಿದಳು. "ಬಾ ಅಂತ ಯಾವ ಬಾಯಲ್ಲಿ ಕರೀಲಿ ನಾನು? ಆ ದಾರಿ ನೋಡಿದ ಮೇಲೆ ನಿನ್ನ ಕರೆಯೋಕೆ ನನಗೆ ನಾಚಿಕೆ ಆಗುತ್ತೆ ಕಣೇ!"

ಆಗ ಪಿಲ್‌ಸುನಕ್ಕ ತಿರುಗಿದಳು. ಇಪ್ಪತ್ತೆರಡು ವರ್ಷದಿಂದ ಪಕ್ಕದಲ್ಲಿದ್ದೇನೆ, ಅವಳ ಗಂಟಲು ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

"ನಿನ್ನ ನಾಚಿಕೆ ನೀನೇ ಇಟ್ಕೋ! ಬರೋ ಕಷ್ಟ ನಂದು, ಕಾಲು ನಂದು, ಬಸ್ಸಲ್ಲಿ ಕೂರೋಳು ನಾನು. ಆಗದಿದ್ರೆ ಆಗಲ್ಲ ಅಂತ ನಾನು ಹೇಳ್ತೀನಿ. ನನ್ನ ಪರವಾಗಿ ನೀನ್ಯಾಕೆ ಹೇಳ್ತೀಯ? ಅಷ್ಟು ವರ್ಷ ಎರಡೆರಡು ಗಂಟೆ ಕೂತು ಬಂದೆ, ಒಂದು ದಿನಾನೂ ನನಗೆ ದೂರ ಅನ್ನಿಸ್ಲಿಲ್ಲ. ಈ ಮೂರು ತಿಂಗಳು ಮನೇಲಿ ಬಿಸಿಪಟ್ಟಿ ಕಟ್ಕೊಂಡು ಆರಾಮಾಗಿ ಕೂತಿದ್ದೆನಲ್ಲ, ಆಗ ಅನ್ನಿಸ್ತು ಕಣೇ, ನಾನು ಎಷ್ಟು ದೂರ ಇದ್ದೀನಿ ಅಂತ."

ಗಲ್ಲಿಯ ನಡುವೆ ಅರವತ್ತು ದಾಟಿದ ಆರು ಹೆಂಗಸರು ಅಳುತ್ತಾ ನಿಂತಿದ್ದರು. ಪಾರ್ಸೆಲ್ ಬೈಕಿನವನು ಎರಡು ಸಲ ಹಾರ್ನ್ ಹೊಡೆದು, ಆಮೇಲೆ ತಾನೇ ಸುತ್ತಿಕೊಂಡು ಹೋದ. ಹೆಂಗ್‌ಜಾ ಏಪ್ರನ್ನಿನಲ್ಲಿ ಮೂಗೊರೆಸಿಕೊಂಡಳು. ಸೌಟನ್ನು ತಿರುಗಿಸುತ್ತಾ, "ಏಪ್ರಿಲ್ ಮೂರನೇ ಮಂಗಳವಾರ, ಹನ್ನೆರಡಕ್ಕೆ," ಎಂದಳು. "ಬಾ."

"ನೋಡೋಣ," ಎಂದಳು ಪಿಲ್‌ಸುನಕ್ಕ.

ಹೆಂಗ್‌ಜಾ ಅವಳ ಕೈಚೀಲ ಕಿತ್ತುಕೊಂಡು ಮುಂದೆ ನಡೆದಳು. ಒಬ್ಬರ ಹಿಂದೆ ಒಬ್ಬರು ನಾವು ಮೂರು ಮಹಡಿ ಹತ್ತಿದೆವು.